ಓದುಗರ ಪ್ರಶ್ನೆ: ಕುಪ್ಪಳಿ, ಕುಂದಾದ್ರಿ, ಆಗುಂಬೆ ಒಂದೇ ದಿನದಲ್ಲಿ

ಪ್ರಶ್ನೆ: ಡಿಸೆಂಬರಿನಲ್ಲಿ ಅಪ್ಪ, ಅಮ್ಮನನ್ನು ಕರೆದುಕೊಂಡು ಶಿವಮೊಗ್ಗದಿಂದ ಕಾರಿನಲ್ಲಿ ಹೊರಟು ಕುಪ್ಪಳಿಯ ಕವಿಮನೆ, ಕವಲೇದುರ್ಗ, ಕುಂದಾದ್ರಿ ನೋಡಿಕೊಂಡು ಆಗುಂಬೆಯ ಸೂರ್ಯಾಸ್ತಕ್ಕೆ ಮುಟ್ಟಬಹುದೇ? ಇಬ್ಬರಿಗೂ ಎಪ್ಪತ್ತು ದಾಟಿದೆ, ಅಮ್ಮನಿಗೆ ಮಂಡಿನೋವು.

ಉತ್ತರ: ಕವಲೇದುರ್ಗ ಬಿಟ್ಟುಬಿಡಿ, ಉಳಿದದ್ದು ಆರಾಮಾಗಿ ಆಗುತ್ತದೆ. ಕೆಳದಿ ಅರಸರ ಆ ಕೋಟೆಗೆ ಗದ್ದೆ ಬಯಲಿನಿಂದ ಕಲ್ಲುಹಾಸಿನ ದಾರಿಯಲ್ಲಿ ಏರಬೇಕು. ಕಲ್ಲುಗಳು ಸವೆದು ನುಣುಪಾಗಿವೆ. ಮಂಡಿನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅದಕ್ಕೆ ಬೇರೆಯೇ ದಿನ ಇಟ್ಟುಕೊಳ್ಳಿ.

ಬೆಳಿಗ್ಗೆ ಏಳಕ್ಕೆ ಹೊರಟರೆ ತುಂಗೆಯ ಬದಿಯ ರಸ್ತೆಯಲ್ಲಿ ಸುಮಾರು 60 ಕಿ.ಮೀ. ದೂರದ ತೀರ್ಥಹಳ್ಳಿ. ತಿಂಡಿ, ಪೆಟ್ರೋಲ್ ಎರಡೂ ಅಲ್ಲೇ ಮುಗಿಸಿ. ದಾರಿಯ ಮಂಡಗದ್ದೆ ಪಕ್ಷಿಧಾಮಕ್ಕೆ ಡಿಸೆಂಬರಿನಲ್ಲಿ ನಿಲ್ಲಬೇಕಾಗಿಲ್ಲ. ಬೆಳ್ಳಕ್ಕಿ, ನೀರುಕಾಗೆಗಳು ಅಲ್ಲಿ ಗೂಡು ಕಟ್ಟುವುದು ಮಳೆಗಾಲದಲ್ಲಿ.

ತೀರ್ಥಹಳ್ಳಿಯಿಂದ ಕೊಪ್ಪದ ರಸ್ತೆ ಹಿಡಿದು ಗಡಿಕಲ್ಲಿನಲ್ಲಿ ತಿರುಗಿದರೆ ಕುಪ್ಪಳಿ. ಕವಿಮನೆ ಎಂದರೆ ಕುವೆಂಪು ಬೆಳೆದ ಮೂರಂತಸ್ತಿನ ತೊಟ್ಟಿಮನೆ. ಚಪ್ಪಲಿ ಹೊರಗೆ ಬಿಡಬೇಕು, ಒಳಗೆ ಫೋಟೋ ತೆಗೆಯುವಂತಿಲ್ಲ. ಬಿಸಿಲಿನಿಂದ ಒಳಗೆ ಕಾಲಿಟ್ಟಾಗ ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ತನಕ ಜಗಲಿಯಲ್ಲೇ ಒಂದು ನಿಮಿಷ ನಿಲ್ಲಿ. ಹೊಸ್ತಿಲಿಗೆ ಕಾಲು ಎಡವುವುದು, ಬಾಗಿಲಿನ ಮೇಲ್ಪಟ್ಟಿಗೆ ತಲೆ ತಾಗುವುದು ಆಗಲೇ. ಉಪ್ಪರಿಗೆಯ ಮರದ ಮೆಟ್ಟಿಲು ಕಡಿದು. ಅಮ್ಮ ಅಂಗಳ, ಅಡುಗೆಮನೆ, ಹಳೆಯ ಪಾತ್ರೆ ಪರಡಿ ನೋಡಿಕೊಂಡು ಕೆಳಗೇ ಇದ್ದರೂ ಮನೆಯ ಜೀವಾಳ ಸಿಕ್ಕಂತೆಯೇ. ಓಡಿಕೊಂಡು ನೋಡಿದರೆ ಹದಿನೈದು ನಿಮಿಷದ ಮನೆ, ನಿಧಾನಕ್ಕೆ ನೋಡಿದರೆ ಒಂದೂವರೆ ಗಂಟೆಯದು. ಮನೆಯ ಹತ್ತಿರದ ಗುಡ್ಡ ಕವಿಶೈಲಕ್ಕೆ ಮೆಟ್ಟಿಲ ದಾರಿ ಬೇಡ, ಹತ್ತಿರದವರೆಗೂ ಕಾರು ಹೋಗುತ್ತದೆ. ಕುವೆಂಪು ಸಮಾಧಿ ಅಲ್ಲಿದೆ. ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಹೆಸರು ಕೆತ್ತಿದ ಬಂಡೆಯನ್ನು ಹುಡುಕಿ ನೋಡಿ. ಸುತ್ತಲಿನ ನಿಲುಗಲ್ಲುಗಳನ್ನು ನೋಡುತ್ತ ಬಹಳ ಜನ ಅದನ್ನು ದಾಟಿಬಿಡುತ್ತಾರೆ.

ಊಟಕ್ಕೆ ತೀರ್ಥಹಳ್ಳಿಗೆ ಮರಳಿ, ಆಗುಂಬೆ ರಸ್ತೆಯ ಗುಡ್ಡೇಕೇರಿ ಬಳಿ ಕುಂದಾದ್ರಿ ಬೆಟ್ಟಕ್ಕೆ ತಿರುಗಿ. ಮೇಲಿನ ರಸ್ತೆ ಕಿರಿದು, ತಿರುವು ಕಡಿದು. ಏರುವ ವಾಹನಕ್ಕೆ ದಾರಿ ಬಿಡಿ. ಇಳಿಯುವಾಗ ಒಂದು ಅಥವಾ ಎರಡನೇ ಗೇರಿನಲ್ಲೇ ಬನ್ನಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪಾರ್ಶ್ವನಾಥ ಬಸದಿ, ಬಂಡೆಯ ಕೊಳ ನೋಡಿ ನಾಲ್ಕೂಕಾಲಿಗೆ ಇಳಿಯಲು ಶುರುಮಾಡಬೇಕು. ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು 6ರಿಂದ 6.15ರ ನಡುವೆ, ಆಗುಂಬೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗಬೇಕಾದರೆ ಐದೂಕಾಲಿಗೆ ಅಲ್ಲಿರಬೇಕು.

ದಿನ ಆರಿಸುವಾಗ ಎರಡು ವಿಷಯ. ಡಿಸೆಂಬರ್ 29 ಕುವೆಂಪು ಜನ್ಮದಿನ, ಕುಪ್ಪಳಿ ತುಂಬಿರುತ್ತದೆ. ಎಳ್ಳಮಾವಾಸ್ಯೆ ಜಾತ್ರೆಯಲ್ಲಂತೂ ತೀರ್ಥಹಳ್ಳಿ ದಾಟುವುದೇ ಒಂದು ಪ್ರಯಾಣ.

ಪ್ರಶ್ನೆ: ಇದೇ ದಾರಿಯಲ್ಲಿ ಜುಲೈನಲ್ಲಿ ಹೋದರೆ? ಉಂಬಳದ (ಜಿಗಣೆಯ) ಭಯ ನಮಗೆ.

ಉತ್ತರ: ಭಯಪಡಬೇಕಾದದ್ದು ಮಂಜಿಗೆ. ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆಯ ಆಗುಂಬೆಯಲ್ಲಿ ಜುಲೈಯಲ್ಲಿ ಸೂರ್ಯಾಸ್ತ ಹುಡುಕುವುದು ವ್ಯರ್ಥ. ಕವಿಮನೆಗೆ ಮಾತ್ರ ಹೋಗಿ. ಉಂಬಳಕ್ಕೆ ಉಪ್ಪು ಸವರಿಕೊಂಡರೆ ಮಳೆಗೆ ತೊಳೆದುಹೋಗುತ್ತದೆ. ಒತ್ತು ನೇಯ್ಗೆಯ ಉದ್ದನೆಯ ಕಾಲುಚೀಲದೊಳಗೆ ಪ್ಯಾಂಟು ತೂರಿಸಿಕೊಳ್ಳಿ. ಕಚ್ಚಿದರೆ ಅದರ ಸಣ್ಣ ತುದಿಯ ಕಡೆಯಿಂದ ಉಗುರಿನಲ್ಲಿ ಸರಿಸಿ ಬಿಡಿಸಿ. ಕಚ್ಚಿಕೊಂಡಿರುವಾಗಲೇ ಉಪ್ಪು, ಬೆಂಕಿ ತಾಗಿಸಿದರೆ ಅದು ಗಾಯದೊಳಕ್ಕೇ ಕಕ್ಕಿ ನಂಜಾಗಬಹುದು. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇರುವುದರಿಂದ ಬಿಟ್ಟ ಮೇಲೂ ತುಸು ಹೊತ್ತು ರಕ್ತ ಒಸರುತ್ತದೆ. ಶುದ್ಧ ಬಟ್ಟೆ ಒತ್ತಿ ಹಿಡಿದರೆ ಸಾಕು.