ನಮ್ಮ ಶಾಲೆಗೆ ಎಂಥ ಕೋಣೆ ಬೇಕು

ಅರ್ಧ ಪಾಠ ಶಾಲೆಯಲ್ಲಿ, ಅರ್ಧ ಪಾಠ ಫೋನು-ಪರದೆಯಲ್ಲಿ ನಡೆಯುವ ಕಾಲಕ್ಕೆ ನಿಮ್ಮ ಕಡೆ ತರಗತಿ ಹೇಗಿರಬೇಕು, ಪರಿಸರಕ್ಕೂ ಭಾರ ಆಗಬಾರದು ಅಂತ ಕೇಳಿದಿರಿ. ನೀವು ಬೆಂಗಳೂರಿನವರು, ಕಟ್ಟಡದ ನಕ್ಷೆ ಮಾಡುವವರು. ನಾನು ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನವನು, ಮಗಳು ಓದುವ ಕನ್ನಡ ಮಾಧ್ಯಮ ಶಾಲೆಯ ಪಿಟಿಎಯಲ್ಲಿ, ಅಂದರೆ ಹೆತ್ತವರ ಮತ್ತು ಶಿಕ್ಷಕರ ಸಂಘದಲ್ಲಿ ಇದ್ದೇನೆ. ನಕ್ಷೆ ನನಗೆ ಬರುವುದಿಲ್ಲ. ಇಲ್ಲಿ ಏನೇನು ನಡೆಯುತ್ತದೆ ಅಂತ ಹೇಳುತ್ತೇನೆ, ಗೆರೆ ನೀವೇ ಎಳೆಯಿರಿ.

ಮೊದಲು ಮಳೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಳೆಯ ಶಾಲೆಗಳಿಗೆ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮಂಗಳೂರು ಹಂಚಿನ ಮಾಡು (ಚಾವಣಿ), ಉದ್ದಕ್ಕೆ ಜಗಲಿ. ನಡುನಡುವೆ ಒಂದೆರಡು ಗಾಜಿನ ಹಂಚು ಇಟ್ಟರೆ ಲೈಟೇ ಬೇಡ. ಏಪ್ರಿಲ್ ಸೆಖೆಯಲ್ಲೂ ಒಳಗೆ ಕೂತಿರಬಹುದು. ಆಮೇಲೆ ಬಂದ ಕೆಲವು ಕಟ್ಟಡಗಳಿಗೆ ತಗಡಿನ ಶೀಟು ಹಾಕಿದರು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಶೀಟಿನ ಮೇಲೆ ಬೀಳುವಾಗ ಮೊದಲ ಬೆಂಚಿನ ಮಗುವಿಗೂ ಟೀಚರ ಮಾತು ಕೇಳುವುದಿಲ್ಲ. ಅಂಥ ಕೋಣೆಯಲ್ಲಿ ಎಷ್ಟು ದೊಡ್ಡ ಪರದೆ ಇಟ್ಟರೆ ಏನು ಪ್ರಯೋಜನ? ಪರದೆಯ ಪಾಠಕ್ಕೆ ಸದ್ದಿಲ್ಲದ ಮಾಡು ಮೊದಲು ಬೇಕು. ಗಾಜಿನ ಹಂಚಿನ ಬೆಳಕು ನೇರ ಪರದೆಗೆ ಬೀಳದ ಹಾಗೆ ನೋಡಿಕೊಂಡರೆ ಆಯಿತು.

ನೀರಿನ ಲೆಕ್ಕವೂ ಇಲ್ಲೇ ಇದೆ. 6 ಮೀಟರ್ ಉದ್ದ, 6 ಮೀಟರ್ ಅಗಲದ ಒಂದು ಕೋಣೆಯ ಮಾಡಿಗೇ ವರ್ಷಕ್ಕೆ 1 ಲಕ್ಷದ 26 ಸಾವಿರ ಲೀಟರ್ ಬೀಳುತ್ತದೆ. ಆದರೂ ಮಾರ್ಚ್ ಕಳೆದರೆ ಗುಡ್ಡೆ ಮೇಲಿನ ಶಾಲೆಗಳಲ್ಲಿ ಬಿಸಿಯೂಟದ ಪಾತ್ರೆ ತೊಳೆಯುವುದಕ್ಕೂ ಯೋಚನೆ ಮಾಡಬೇಕು. ನಮ್ಮ ಹಿರಿಯರು ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತಂದವರು. ಎಣ್ಮಕಜೆ, ಬಾಯಾರು ಕಡೆ ಈಗಲೂ ನೋಡಬಹುದು. ಮನುಷ್ಯ ನಡೆದು ಹೋಗುವಷ್ಟು ಎತ್ತರ, ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಅಂಗಳಕ್ಕೆ ಬರುತ್ತದೆ. ಶಾಲೆಯ ನಕ್ಷೆ ಮಾಡುವಾಗ ಮಾಡಿನ ನೀರು ಎಲ್ಲಿಗೆ ಹೋಗುತ್ತದೆ ಅನ್ನುವ ಗೆರೆಯನ್ನೂ ಎಳೆಯಿರಿ. ಮಕ್ಕಳು ಅದನ್ನು ನೋಡಿಯೇ ಅರ್ಧ ವಿಜ್ಞಾನ ಕಲಿಯುತ್ತಾರೆ.

ಇನ್ನು ಪರದೆ. ಕೊರೊನಾ ಸಮಯದಲ್ಲಿ, 2020ರ ಜೂನ್ 1ಕ್ಕೆ ಕೇರಳ ಸರಕಾರದ ಶಿಕ್ಷಣ ಟಿವಿ ಕೈಟ್ ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ಪಾಠ ಶುರುವಾಯಿತು. ಒಳ್ಳೆಯ ಕೆಲಸ, ಅದನ್ನು ಮನಸಾರೆ ಹೇಳುತ್ತೇನೆ. ಆದರೆ ವಾಹಿನಿಯ ಪಾಠ ಮಲಯಾಳಂನಲ್ಲಿ. ಕನ್ನಡ ಮಾಧ್ಯಮದ ಮಕ್ಕಳು ಹೆಚ್ಚಾಗಿ ಯೂಟ್ಯೂಬ್ ನೋಡಬೇಕಾಯಿತು. ಯೂಟ್ಯೂಬ್ ಅಂದರೆ ಡೇಟಾ ಬೇಕು, ರೇಂಜ್ ಬೇಕು. ನಮ್ಮ ಅಡಕೆ ತೋಟ ಇರುವುದು ಎರಡು ಗುಡ್ಡೆಗಳ ನಡುವೆ, ಅಲ್ಲಿ ಒಂದು ಗೆರೆಯೂ ಸಿಗುವುದಿಲ್ಲ. ಮಗಳು ಮತ್ತೆ ಪಕ್ಕದ ಮನೆಯ ಇಬ್ಬರು ಗೇರು ಮರದ ಅಡಿಗೆ ಟಾರ್ಪಾಲು ಕಟ್ಟಿ, ಒಂದೇ ಫೋನು ಹಿಡಿದು ಕೂರುತ್ತಿದ್ದರು. ಮಳೆ ಜೋರಾದರೆ ಪಾಠ ಅಲ್ಲಿಗೇ ನಿಂತಿತು. ಅದನ್ನು ಕಂಡ ಮೇಲೆ ನನಗೆ ಅನಿಸಿದ್ದು, ಪಾಠ ಶಾಲೆಯ ಲ್ಯಾಪ್‌ಟಾಪಿನಲ್ಲೇ ಉಳಿದಿರಬೇಕು. ಸಂಜೆ ಮಗು ಜಗಲಿಯಲ್ಲಿ ನಿಂತು ಫೋನಿಗೆ ತುಂಬಿಸಿಕೊಂಡು ಮನೆಗೆ ಬರಬೇಕು. ಕಲೆಕ್ಟರು ಮಳೆಗೆ ರಜೆ ಕೊಟ್ಟ ದಿನ ಅದು ಕೆಲಸಕ್ಕೆ ಬರುತ್ತದೆ. ಅಕ್ಟೋಬರ್‌ನ ಸಿಡಿಲಿಗೆ ಎಲ್ಲ ಪ್ಲಗ್ ಕಿತ್ತಿಡುವ ಊರು ಇದು, ಇಂಟರ್‌ನೆಟ್ ಒಂದನ್ನೇ ನಂಬಲು ಆಗುವುದಿಲ್ಲ. ಸೋಲಾರ್ ಹಾಕಿದರೂ ತೆಂಗಿನ ನೆರಳು ತಪ್ಪಿಸಿ ಹಾಕಬೇಕು, ಮಳೆಗಾಲ ಮುಗಿದ ಮೇಲೆ ಪಾಚಿ ತಿಕ್ಕುವವರೂ ಬೇಕು.

ಇದೆಲ್ಲಕ್ಕಿಂತ ದೊಡ್ಡದು ಒಂದಿದೆ, ನಿಮ್ಮ ಪ್ರಶ್ನೆಯಲ್ಲಿ ಅದು ಇರಲಿಲ್ಲ. 1956ರ ನವೆಂಬರ್ 1ಕ್ಕೆ ನಮ್ಮ ಊರು ಸೇರಿದ್ದ ಆಗಿನ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತು. ಕನ್ನಡ ಶಾಲೆಗಳು ಉಳಿದವು. ಆದರೆ ಕನ್ನಡ ಬಾರದವರು ಕನ್ನಡ ಮಾಧ್ಯಮಕ್ಕೆ ಪಾಠ ಮಾಡಲು ಬರುವುದು ಇಲ್ಲಿ ಹಳೆಯ ನೋವು. ಒಂದು ವರ್ಷ ಮಗಳ ತರಗತಿಗೂ ಹಾಗೆ ಗಣಿತದವರು ಬಂದರು. ಒಳ್ಳೆಯ ಮನುಷ್ಯ, ಗಣಿತವೂ ಗೊತ್ತಿತ್ತು. ಭಾಷೆ ಮಾತ್ರ ಇರಲಿಲ್ಲ. ಮಕ್ಕಳು ಬೋರ್ಡ್ ನೋಡಿ ಬರೆದುಕೊಂಡರು, ಯಾಕೆ ಅಂತ ಕೇಳಲಿಲ್ಲ. ಕೇಳುವುದು ಯಾವ ಭಾಷೆಯಲ್ಲಿ? ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ ಆಡುವ ಮಕ್ಕಳಿಗೆ ಕನ್ನಡವೇ ಶಾಲೆಯಲ್ಲಿ ಸಿಗುವ ಭಾಷೆ. ಪಿಟಿಎಯಿಂದ ಮನವಿ ಕೊಟ್ಟೆವು, ಅಲೆದೆವು, ವರ್ಷವೇ ಮುಗಿಯಿತು.

ಕೊನೆಗೆ ನಿವೃತ್ತರಾದ ಒಬ್ಬ ಮಾಷ್ಟ್ರು ಶನಿವಾರ ವಿಡಿಯೊ ಕರೆಯಲ್ಲಿ ಪಾಠ ಮಾಡಿದರು. ನಮ್ಮ ಮಗಳು, ತರಗತಿಯಲ್ಲಿ ಬಾಯಿ ಬಿಡದವಳು, ಪರದೆಯ ಹತ್ತಿರ ಹೋಗಿ, 'ಮಾಷ್ಟ್ರೇ, ಋಣ ಸಂಖ್ಯೆಯನ್ನು ಋಣದಿಂದಲೇ ಗುಣಿಸಿದರೆ ಧನ ಯಾಕೆ ಆಗ್ತದೆ?' ಅಂತ ಕೇಳಿದಳು. ನನಗೆ ಕಣ್ಣು ತುಂಬಿತು. ಆನ್‌ಲೈನ್ ಪಾಠದಿಂದ ನಮಗೆ ಆಗಬೇಕಾದ ದೊಡ್ಡ ಉಪಕಾರ ಇದೇ. ನಮ್ಮ ಜಿಲ್ಲೆಯದೇ ಬದಿಯಡ್ಕದ ಒಬ್ಬ ಒಳ್ಳೆಯ ಕನ್ನಡ ಟೀಚರು ಒಂದೇ ಹೊತ್ತಿಗೆ ನಾಲ್ಕು ಶಾಲೆಗೆ ಸಿಗಬಹುದು. ಹುದ್ದೆ ತುಂಬುವುದಕ್ಕೆ ಅದು ಬದಲಿ ಆಗಬಾರದು, ಅದು ಬೇರೆ ಮಾತು.

ಹಾಗಾಗಿ ನಕ್ಷೆಯಲ್ಲಿ ಒಂದು ಬದಲಾವಣೆ ಕೇಳುತ್ತೇನೆ. ಮೈಕನ್ನು ಟೀಚರ ಮೇಜಿನ ಮೇಲೆ ಇಡಬೇಡಿ. ಹಿಂದಿನ ಬೆಂಚಿನ ಮಗು ಕೂತಲ್ಲಿಂದಲೇ ಕೇಳಿದ್ದು ಆ ಕಡೆಯವರಿಗೆ ಕೇಳಿಸುವ ಹಾಗೆ, ಮಕ್ಕಳ ನಡುವೆ ಇಳಿಬಿಡಿ.