500 ಬ್ಯಾಕ್‌ಲಿಂಕ್ ತಗೊಳ್ಳಲಾ ಎಂದು ಕೇಳಿದವರಿಗೆ

ನಿಮ್ಮ ಪ್ರಶ್ನೆ ನೋಡಿದೆ. ಮನೆಯಲ್ಲೇ ಟೆಲಿಸ್ಕೋಪ್ ಕಟ್ಟುವ ಬಗ್ಗೆ ವೆಬ್‌ಸೈಟ್ ಮಾಡಿ ಎರಡು ವರ್ಷವಾಗಿದೆ, 60 ಬರಹಗಳಿವೆ, ಆದರೂ ಗೂಗಲ್‌ನಲ್ಲಿ ಮೂರನೇ ಪುಟ ಬಿಟ್ಟು ಮೇಲೆ ಬರುತ್ತಿಲ್ಲ. ಈಗ ಯಾರೋ ಮೇಲ್ ಕಳಿಸಿ, ದುಡ್ಡು ಕೊಟ್ಟರೆ 500 ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ನಿಮ್ಮ ಸೈಟ್‌ಗೆ ಬರುವ ಲಿಂಕ್) ಮಾಡಿಸಿಕೊಡುತ್ತೇವೆ ಅಂದಿದ್ದಾರೆ. ತಗೊಳ್ಳಲಾ ಎಂದು ಕೇಳಿದ್ದೀರಿ.

ಬೇಡ. ನಾನು ತಗೊಂಡು ಕೈ ಸುಟ್ಟುಕೊಂಡವನು. ಹಳೇ ಕ್ಯಾಮೆರಾ ರಿಪೇರಿ ಬಗ್ಗೆ ನನ್ನದೊಂದು ಸೈಟ್ ಇತ್ತು. 2011ರಲ್ಲಿ ಇಂಥದ್ದೇ ಒಂದು ಕಟ್ಟು ಲಿಂಕ್ ಕೊಂಡೆ. ಕೆಲವು ತಿಂಗಳು ಸೈಟ್ ಮೇಲೇರಿತು, ನನಗೂ ಖುಷಿಯೋ ಖುಷಿ. 2012ರ ಏಪ್ರಿಲ್‌ನಲ್ಲಿ ಗೂಗಲ್ ಪೆಂಗ್ವಿನ್ ಅನ್ನುವ, ಕೃತಕ ಲಿಂಕ್ ಹಿಡಿಯುವ ಬದಲಾವಣೆ ತಂತು. ನನ್ನ ಸೈಟ್ ಎಲ್ಲಿ ಹೋಯಿತೆಂದೇ ಗೊತ್ತಾಗಲಿಲ್ಲ. ಆಮೇಲೆ ಕೂತು ನೋಡಿದರೆ ಆ ಲಿಂಕ್‌ಗಳೆಲ್ಲ ಸಾಲದ ಜಾಹೀರಾತು, ಜೂಜಿನ ಪುಟಗಳಿಂದ ಬಂದಿದ್ದವು. ಒಬ್ಬೊಬ್ಬರಿಗೂ ಮೇಲ್ ಬರೆದು ತೆಗೆಸಲು ನೋಡಿದೆ. ಅರ್ಧಕ್ಕರ್ಧ ಜನ ಉತ್ತರವನ್ನೇ ಕೊಡಲಿಲ್ಲ. ಈಗ ಇಂಥ ಲಿಂಕ್‌ಗಳನ್ನು ಗೂಗಲ್ ಬಹುಪಾಲು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಹಾಗಾಗಿ ದುಡ್ಡು ದಂಡ. ಅದರ ಮೇಲೆ ಗೂಗಲ್ ಕಡೆಯ ಜನರೇ ನೋಡಿ ಶಿಕ್ಷೆ ಹಾಕುವುದೂ ಉಂಟು. ಹಾಗಾದರೆ ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ‘ಮ್ಯಾನುವಲ್ ಆ್ಯಕ್ಷನ್’ ಎಂದು ಕಾಣಿಸುತ್ತದೆ.

ಲಿಂಕ್‌ಗೆ ಬೆಲೆ ಯಾಕೆ ಬಂತು ಅನ್ನುವುದು ಗೊತ್ತಿದ್ದರೆ ಉಳಿದದ್ದು ಸುಲಭ. 1998ರಲ್ಲಿ, ಮುಂದೆ ಗೂಗಲ್ ಕಟ್ಟಿದ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಪೇಜ್‌ರ‍್ಯಾಂಕ್ ಲೆಕ್ಕವನ್ನು, ಅಂದರೆ ಲಿಂಕ್ ನೋಡಿ ಪುಟಕ್ಕೆ ತೂಕ ಕೊಡುವ ರೀತಿಯನ್ನು, ಮುಂದಿಟ್ಟರು. ಎಷ್ಟು ಲಿಂಕ್ ಬಂದಿವೆ ಎಂದು ಎಣಿಸಿದರೆ ಸಾಲದು, ಲಿಂಕ್ ಕೊಟ್ಟ ಪುಟಕ್ಕೆ ಎಷ್ಟು ತೂಕವಿದೆ ಎಂದೂ ನೋಡಬೇಕು. ಆ ತೂಕ ಅಲ್ಲಿಂದ ಹೊರಗೆ ಹೋಗುವ ಎಲ್ಲ ಲಿಂಕ್‌ಗಳಿಗೂ ಹಂಚಿ ಹೋಗುತ್ತದೆ. 300 ಲಿಂಕ್ ತುರುಕಿದ ಪುಟದಲ್ಲಿ ನಿಮ್ಮದೂ ಒಂದಿದ್ದರೆ ನಿಮ್ಮ ಪಾಲಿಗೆ ಬರುವುದು ಚೂರುಪಾರು. ಈಗ ಲೆಕ್ಕ ಇನ್ನೂ ಎಷ್ಟೋ ಸಂಗತಿಗಳನ್ನು ನೋಡುತ್ತದೆ, ಆದರೆ ಈ ಮೂಲ ಬದಲಾಗಿಲ್ಲ. ನಾನು ಒಂದೇ ಪರೀಕ್ಷೆ ಇಟ್ಟುಕೊಂಡಿದ್ದೇನೆ: ಆ ಪುಟ ಓದುತ್ತಿರುವ ಮನುಷ್ಯ ನನ್ನ ಲಿಂಕ್ ಒತ್ತುತ್ತಾನಾ? ಟೆಲಿಸ್ಕೋಪಿನ ಕನ್ನಡಿ ಉಜ್ಜುವುದರ ಬಗ್ಗೆ ಓದುತ್ತಿರುವವನು ಒತ್ತುತ್ತಾನೆ. ಸಾಲ ಹುಡುಕುತ್ತಿರುವವನು ಯಾಕೆ ಒತ್ತುತ್ತಾನೆ?

ಹೊರಗಿನವರನ್ನು ಕೇಳುವ ಮೊದಲು ಮನೆ ಒಳಗಿನದ್ದು ಸರಿ ಮಾಡಿಕೊಳ್ಳಿ. ನಿಮ್ಮ ಸೈಟ್ ತೆರೆದು ನೋಡಿದೆ. ಫೂಕೋ ಪರೀಕ್ಷೆಯ (ಕನ್ನಡಿಯ ಆಕಾರ ಸರಿಯಿದೆಯೇ ಎಂದು ನೋಡುವ ವಿಧಾನ) ಬಗ್ಗೆ ಬರೆದದ್ದು ತುಂಬಾ ಚೆನ್ನಾಗಿದೆ, ಆದರೆ ನಿಮ್ಮದೇ ಬೇರೆ ಯಾವ ಬರಹದಿಂದಲೂ ಅದಕ್ಕೆ ದಾರಿ ಇಲ್ಲ! ಕನ್ನಡಿ ಉಜ್ಜುವ ಬರಹದಿಂದ ಅಲ್ಲಿಗೆ ಲಿಂಕ್ ಕೊಡಿ. ‘ಇಲ್ಲಿ ಒತ್ತಿ’ ಎಂದು ಬರೆಯಬೇಡಿ, ‘ಫೂಕೋ ಪರೀಕ್ಷೆ ಮಾಡುವುದು ಹೇಗೆ’ ಎಂದೇ ಬರೆಯಿರಿ. ಪುಟದಲ್ಲಿ ಏನಿದೆ ಎಂದು ಓದುಗರಿಗೂ ತಿಳಿಯುತ್ತದೆ, ಗೂಗಲ್‌ಗೂ ತಿಳಿಯುತ್ತದೆ. ಪುಟದ ವಿಳಾಸ ಯಾವತ್ತಾದರೂ ಬದಲಾಯಿಸಿದ್ದರೆ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ (ತಾನಾಗಿಯೇ ಹೊಸ ವಿಳಾಸಕ್ಕೆ ಕಳಿಸುವ ಸೂಚನೆ) ಹಾಕಿ. ಇಲ್ಲದಿದ್ದರೆ ಬಂದ ಲಿಂಕ್ ಸುಮ್ನೆ ‘ಪುಟ ಸಿಗಲಿಲ್ಲ’ ಅನ್ನುವ 404ಕ್ಕೆ ಹೋಗಿ ಬೀಳುತ್ತದೆ.

ಇನ್ನು ಹೊರಗಿನ ಲಿಂಕ್. ‘ನಮ್ಮ ಸೈಟ್ ಚೆನ್ನಾಗಿದೆ, ಲಿಂಕ್ ಕೊಡಿ’ ಎಂದರೆ ಯಾರೂ ಕೊಡುವುದಿಲ್ಲ. ಒಂದು ಪುಟ ಉಪಯೋಗಕ್ಕೆ ಬಂದರೆ ಕೊಡುತ್ತಾರೆ. ನಿಮ್ಮ ವಿಷಯದಲ್ಲೇ ಹೇಳುತ್ತೇನೆ. ಕನ್ನಡಿಯನ್ನು ಎಷ್ಟು ಆಳಕ್ಕೆ ಉಜ್ಜಬೇಕು ಎಂದು ಹೊಸಬರೆಲ್ಲ ಕೇಳುತ್ತಾರೆ. ತ್ರಿಜ್ಯದ ವರ್ಗವನ್ನು ಫೋಕಲ್ ಲೆಂತ್‌ನ (ಕನ್ನಡಿಯಿಂದ ಬಿಂಬ ಮೂಡುವ ಜಾಗಕ್ಕಿರುವ ದೂರ) ನಾಲ್ಕರಷ್ಟರಿಂದ ಭಾಗಿಸಿದರೆ ಆಳ ಸಿಗುತ್ತದೆ. 150 ಮಿ.ಮೀ. ಅಗಲ, 1200 ಮಿ.ಮೀ. ಫೋಕಲ್ ಲೆಂತ್ ಇದ್ದರೆ ಮಧ್ಯದಲ್ಲಿ ಸುಮಾರು 1.17 ಮಿ.ಮೀ. ಆಳ. ಬೇರೆ ಬೇರೆ ಅಳತೆಗಳಿಗೆ ಇದನ್ನೇ ಲೆಕ್ಕ ಹಾಕಿ ಒಂದು ಪಟ್ಟಿ ಮಾಡಿ, ಜೊತೆಗೆ ನೀವೇ ತೆಗೆದ ಫೋಟೋ ಹಾಕಿ. ಅಂಥ ಒಂದು ಪುಟಕ್ಕೆ ಬರುವ ಲಿಂಕ್ ನಿಮ್ಮ ಹತ್ತು ಬರಹಕ್ಕೂ ಬರುವುದಿಲ್ಲ.

ಪುಟ ಸಿದ್ಧವಾದ ಮೇಲೆ ಹವ್ಯಾಸಿ ಖಗೋಳ ಸಂಘಗಳು, ಕಾಲೇಜಿನ ಭೌತಶಾಸ್ತ್ರ ವಿಭಾಗಗಳು, ತಾರಾಲಯಗಳು ಇಟ್ಟಿರುವ ‘ಓದಲು ಸೂಚಿಸುವ ತಾಣಗಳು’ ತರಹದ ಪುಟ ಹುಡುಕಿ. ಅವು ಹಳೆಯವು, ಅರ್ಧ ಲಿಂಕ್ ಸತ್ತಿರುತ್ತವೆ. ನಿಮಗೆ ಅನುಕೂಲವಾಗುವುದು ಅದೇ. ಸತ್ತಿರುವ ಲಿಂಕ್ ಯಾವುದು ಎಂದು ಮೊದಲು ತಿಳಿಸಿ, ಅದರ ಜಾಗಕ್ಕೆ ನಿಮ್ಮ ಪುಟ ಹೊಂದುತ್ತದೆಯಾ ನೋಡಿ ಎಂದು ನಾಲ್ಕು ಸಾಲು ಬರೆಯಿರಿ. ಒಬ್ಬರಿಗೆ ಒಂದು ಮೇಲ್. ಒಂದೇ ಮೇಲ್ ನೂರು ಜನಕ್ಕೆ ಕಳಿಸಿದರೆ ಮೊದಲ ಸಾಲಿನಲ್ಲೇ ಗೊತ್ತಾಗಿಬಿಡುತ್ತದೆ. ನಾನು ವಾರಕ್ಕೆ ಎರಡು ಮೂರು ಬರೆಯುತ್ತಿದ್ದೆ, ಹತ್ತರಲ್ಲಿ ಒಬ್ಬರು ಲಿಂಕ್ ಕೊಟ್ಟರೆ ದೊಡ್ಡದು. ನಿಮ್ಮ ಫೋಟೋ ಬಳಸಿ ಹೆಸರಷ್ಟೇ ಹಾಕಿರುವವರನ್ನೂ ಕೇಳಿ, ಅವರು ಬೇಗ ಒಪ್ಪುತ್ತಾರೆ. ಆದರೆ ಯಾವ ಪದಕ್ಕೆ ಲಿಂಕ್ ಹಾಕಬೇಕು ಎಂದು ಅವರಿಗೆ ಹೇಳಿಕೊಡಲು ಹೋಗಬೇಡಿ. ಹತ್ತು ಕಡೆಯಿಂದ ಅದೇ ಪದದಲ್ಲಿ ಲಿಂಕ್ ಬಂದರೆ ಮಾಡಿಸಿದ್ದು ಎಂದು ಕಾಣುತ್ತದೆ.

ಇದನ್ನು ಲೆಕ್ಕಕ್ಕೆ ತಗೊಳ್ಳಬೇಡಿ ಎಂದು ಗೂಗಲ್‌ಗೆ ಗುರುತು ಹಾಕಿದ ನೋಫಾಲೋ ಲಿಂಕ್‌ನಿಂದ ಏನೂ ಪ್ರಯೋಜನವಿಲ್ಲ ಎಂದು ಮೇಲೆ ಒಬ್ಬರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. 2005ರಲ್ಲಿ ಕಾಮೆಂಟ್ ಸ್ಪ್ಯಾಮ್ ತಡೆಯಲು ಅದನ್ನು ತಂದರು ನಿಜ. ಆದರೆ ಅದನ್ನು ಸುಳಿವಾಗಿ ಮಾತ್ರ ನೋಡುತ್ತೇವೆ ಎಂದು 2019ರಲ್ಲಿ ಗೂಗಲ್ಲೇ ಹೇಳಿತು. ಅದೂ ಅಲ್ಲದೆ ಅಲ್ಲಿಂದ ಓದುಗರು ಬರುತ್ತಾರಲ್ವಾ? ಅವರಲ್ಲೇ ಒಬ್ಬರು ನಾಳೆ ತಮ್ಮ ಸೈಟ್‌ನಲ್ಲಿ ನಿಮ್ಮ ಬಗ್ಗೆ ಬರೆಯಬಹುದು.

ನಿಮಗೆ ಬಂದ ಮೇಲ್‌ನಲ್ಲಿ ಲಿಂಕ್ ಕೊಡುವ ಸೈಟ್‌ಗಳ ಡೊಮೈನ್ ಅಥಾರಿಟಿ 50ಕ್ಕಿಂತ ಜಾಸ್ತಿ ಎಂದು ಜಂಬ ಕೊಚ್ಚಿಕೊಂಡಿದ್ದಾರೆ. ಆ ಅಂಕೆ ಮೋಜ್ ಅನ್ನುವ ಕಂಪನಿ ಸೈಟ್ ಎಷ್ಟು ಮೇಲೆ ಬರಬಹುದು ಎಂದು ಹಾಕಿದ ಅಂದಾಜು. ಗೂಗಲ್ ಅದನ್ನು ಬಳಸುವುದೇ ಇಲ್ಲ.

ಮೇಲ್ ಅಳಿಸಿ ಹಾಕಿ, ಉತ್ತರವೂ ಬೇಡ. ಸರ್ಚ್ ಕನ್ಸೋಲ್‌ನಲ್ಲಿ ‘ಲಿಂಕ್ಸ್’ ತೆರೆದರೆ ಯಾವ ಪುಟಕ್ಕೆ ಎಲ್ಲಿಂದ ಲಿಂಕ್ ಬಂದಿದೆ ಎಂದು ಕಾಣುತ್ತದೆ. ಅದರ ಸ್ಕ್ರೀನ್‌ಶಾಟ್ ಇಲ್ಲಿ ಹಾಕಿ. ಯಾವ ಪುಟದಿಂದ ಶುರು ಮಾಡಬಹುದು ಎಂದು ನೋಡೋಣ.