ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಉರಿಯೂತ, ಹುಣ್ಣು ಆಗುವ ಕಾಯಿಲೆ) ಇದೆ, ಮುಟ್ಟಿನ ಹೊತ್ತಿಗೆ ಭೇದಿ ಜಾಸ್ತಿಯಾಗುತ್ತದೆ. ಆ ವಾರ ಮಾತ್ರ ಕೊಲೈಟಿಸ್ ಮಾತ್ರೆ ಹೆಚ್ಚಿಸಿಕೊಳ್ಳಲೇ?

ಬೇಡ. ನೀವಾಗಿಯೇ ಹೆಚ್ಚಿಸಿಕೊಳ್ಳಬೇಡಿ. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ 2019ನೇ ವರ್ಷ ಕಣ್ಣಮುಂದೆ ಬಂತು.

ಆಗ ದಾವಣಗೆರೆಯಲ್ಲಿ ಕೆಲಸದಲ್ಲಿದ್ದೆ. ಕೊಲೈಟಿಸ್ ಅಂತ ಗೊತ್ತಾಗಿ ಎರಡು ವರ್ಷವಾಗಿತ್ತು. ಕರುಳಿನ ಉರಿಯೂತ ತಗ್ಗಿಸುವ ಮೆಸಲಮೈನ್ ಮಾತ್ರೆಯಿಂದ ಹತೋಟಿಯಲ್ಲೂ ಇತ್ತು. ಆದರೆ ಮುಟ್ಟಿನ ಹಿಂದಿನ ದಿನದಿಂದ ಭೇದಿ ಶುರುವಾಗುತ್ತಿತ್ತು. ದಿನಕ್ಕೆ ಎರಡು ಸಲ ಹೋಗುತ್ತಿದ್ದವಳು ಆರೇಳು ಸಲ ಓಡುತ್ತಿದ್ದೆ. ಕಿಬ್ಬೊಟ್ಟೆ ಹಿಂಡಿದರೆ ಅದು ಗರ್ಭಕೋಶವೋ ಕರುಳೋ ತಿಳಿಯುತ್ತಿರಲಿಲ್ಲ. ರಕ್ತ ಕಂಡರೂ ಅಷ್ಟೇ, ಎಲ್ಲಿಂದ ಬಂತು ಅಂತ ಹೇಳಲಾಗುತ್ತಿರಲಿಲ್ಲ.

ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಪಿಯುಸಿಯಿಂದಲೂ ನನ್ನ ಬ್ಯಾಗಿನ ಸಣ್ಣ ಜಿಪ್ಪಿನಲ್ಲಿ ಮುಟ್ಟಿನ ನೋವಿಗೆ ನುಂಗುವ ಮೆಫೆನಾಮಿಕ್ ಆಸಿಡ್ ಮಾತ್ರೆ ಇರುತ್ತಿತ್ತು. ಅಕ್ಕನೂ ಅದನ್ನೇ ನುಂಗುತ್ತಿದ್ದಳು, ಹಾಸ್ಟೆಲ್ ಗೆಳತಿಯರೂ ಅದನ್ನೇ. ಮೆಡಿಕಲ್ ಶಾಪಿನಲ್ಲಿ ಚೀಟಿ ಕೇಳದೆ ಕೊಡುತ್ತಿದ್ದರು. ಹಾಗಾಗಿ ಅದನ್ನು ಔಷಧಿ ಅಂತ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಹೊಟ್ಟೆ ಡಾಕ್ಟರು ಪ್ರತಿ ಸಲ "ಬೇರೆ ಏನಾದರೂ ಮಾತ್ರೆ ತಗೋತೀರಾಮ್ಮಾ?" ಅಂತ ಕೇಳುತ್ತಿದ್ದರು. ಪ್ರತಿ ಸಲ "ಇಲ್ಲ ಸರ್" ಅಂದೆ. ಸುಳ್ಳು ಹೇಳಬೇಕು ಅಂತಲ್ಲ. ಮುಟ್ಟಿನ ಮಾತು ಹೆಂಗಸರ ಡಾಕ್ಟರ ಹತ್ತಿರ ಆಡುವುದು ಅಂದುಕೊಂಡಿದ್ದೆ. ಅವರ ಹತ್ತಿರ ಹೋದಾಗ ಕೊಲೈಟಿಸ್ ವಿಷಯ ಎತ್ತಲಿಲ್ಲ. ಹೀಗೆ ತಿಂಗಳಿಗೆ ಮೂರು ದಿನ, ದಿನಕ್ಕೆ ಮೂರು ಮಾತ್ರೆ. ನೋವು ನಿಲ್ಲದಿದ್ದರೆ ಇನ್ನೊಂದು. ಈ ಗುಂಪಿನ ನೋವಿನ ಮಾತ್ರೆಗಳು, ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ಕೂಡ, ನಮ್ಮಂಥವರ ಕರುಳನ್ನು ಕೆರಳಿಸಬಹುದು. ಅದು ನನಗೆ ಯಾರು ಹೇಳಬೇಕಿತ್ತು? ಕೇಳಿದವರಿಗೆ ನಾನೇ ಇಲ್ಲ ಅಂದಿದ್ದೆನಲ್ಲ.

ಒಂದು ತಿಂಗಳು ಮುಟ್ಟು ನಿಂತು ಹತ್ತು ದಿನವಾದರೂ ಮಲದಲ್ಲಿ ರಕ್ತ ಬರುವುದು ನಿಲ್ಲಲಿಲ್ಲ. ಹಿಮೋಗ್ಲೋಬಿನ್ 7.8ಕ್ಕೆ ಇಳಿದಿತ್ತು. ಮಲದ ಪರೀಕ್ಷೆಯಲ್ಲಿ ಕರುಳಿನ ಉರಿಯೂತ ತೋರಿಸುವ, 50ರ ಒಳಗಿರಬೇಕಾದ ಕ್ಯಾಲ್‌ಪ್ರೊಟೆಕ್ಟಿನ್ 900 ದಾಟಿತ್ತು. ಎರಡು ತಿಂಗಳಿಗೂ ಹೆಚ್ಚು ಸ್ಟೀರಾಯ್ಡ್ ತಗೊಂಡೆ. ಮುಖ ಊದಿ, ಊರಿಗೆ ಹೋದಾಗ ಅಮ್ಮ ಬಾಗಿಲಲ್ಲೇ ಕಣ್ಣೀರು ಹಾಕಿದರು.

ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅಂತ ನನಗನ್ನಿಸುವುದು ಇದಕ್ಕೇ. ಮುಟ್ಟಿನಲ್ಲಿ ಆಗುವ ಭೇದಿಯೆಲ್ಲ ಕಾಯಿಲೆ ಕೆರಳಿದ್ದಲ್ಲ. ಗರ್ಭಕೋಶವನ್ನು ಹಿಂಡಿಸುವ ಪ್ರೊಸ್ಟಗ್ಲ್ಯಾಂಡಿನ್ ಅನ್ನುವ ರಾಸಾಯನಿಕ ಕರುಳನ್ನೂ ಹಿಂಡಿಸುತ್ತದೆ. ಕೊಲೈಟಿಸ್ ಇಲ್ಲದ ಎಷ್ಟೋ ಹೆಂಗಸರಿಗೂ ಆ ದಿನ ಭೇದಿ ಆಗುತ್ತದೆ ಅಲ್ವಾ? ನಮಗೆ ಸ್ವಲ್ಪ ಜಾಸ್ತಿ. ಅಷ್ಟಕ್ಕೆ ಮಾತ್ರೆ ಏರಿಸುವುದು ಸರಿಯಲ್ಲ. ನಿಜವಾಗಿ ಕೆರಳಿದ್ದರೆ ಒಂದು ವಾರದ ಮಾತ್ರೆಗೆ ಬಗ್ಗುವುದೂ ಇಲ್ಲ.

ನಾನೀಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಮುಟ್ಟಿನ ದಿನಕ್ಕೆ ಕೆಂಪು ಚುಕ್ಕಿ, ಎಷ್ಟು ಸಲ ಹೋದೆ ಅನ್ನುವ ಅಂಕಿ, ರಾತ್ರಿ ಎದ್ದು ಹೋದರೆ ಒಂದು ಗೀಟು. ಕೆಂಪು ಚುಕ್ಕಿ ಮುಗಿದ ಮೇಲೆ ಅಂಕಿ ಎರಡಕ್ಕೆ ಇಳಿದರೆ ಸುಮ್ನೆ ಇರುತ್ತೇನೆ. ಇಳಿಯದಿದ್ದರೆ, ಗೀಟು ಕಂಡರೆ, ಆ ಹಾಳೆಯ ಸಮೇತ ಡಾಕ್ಟರ ಹತ್ತಿರ ಹೋಗುತ್ತೇನೆ. ಮಲದ ಪರೀಕ್ಷೆಗೆ ಮುಟ್ಟು ಪೂರ್ತಿ ನಿಂತ ಮೇಲೇ ಕೊಡುತ್ತೇನೆ. ನೋವಿಗೆ ಬಿಸಿನೀರಿನ ಚೀಲ, ಡಾಕ್ಟರು ಒಪ್ಪಿದ ಪ್ಯಾರಸಿಟಮಾಲ್.

ಭೇದಿಯ ಬಗ್ಗೆ ಬರೆದಿದ್ದೀರಿ, ನೋವಿಗೆ ಏನು ನುಂಗುತ್ತೀರಿ ಅಂತ ಮಾತ್ರ ಬರೆದಿಲ್ಲ. ಈಗಲೇ ಬ್ಯಾಗಿನಿಂದ ಆ ಸ್ಟ್ರಿಪ್ ತೆಗೆದು, ಹಿಂದುಗಡೆ ಸಣ್ಣ ಅಕ್ಷರದಲ್ಲಿರುವ ಹೆಸರು ಓದಿ.